ರಥ ಕಾರಾದ ಕಥೆ: ‘ಲೋರ್ ಒಲಿಂಪಸ್’ ಮೊದಲ ಸಂಪುಟ

ಮೈಸೂರಿನ ಸರಸ್ವತಿಪುರಂನ ಪುಸ್ತಕದಂಗಡಿಯೊಂದರಲ್ಲಿ ಹೇಳಿಟ್ಟು ತರಿಸಿಕೊಂಡ ಈ ಇಂಗ್ಲಿಷ್ ಚಿತ್ರಕಾದಂಬರಿಯನ್ನು ಎರಡು ಸಲ ಓದಿದ್ದೇನೆ. ಮೊದಲ ಸಲ ಕಥೆಯ ಕುತೂಹಲಕ್ಕೆ, ಎರಡನೆಯ ಸಲ ಕಥಾನಾಯಕಿ ಪರ್ಸೆಫೋನಿಯ ತಾಯಿ ಡಿಮೀಟರ್ ದೇವಿಯನ್ನು ಕುರಿತ ಪ್ರಾಚೀನ ಗ್ರೀಕ್ ಸ್ತೋತ್ರದ ಅನುವಾದವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು. ನ್ಯೂಜಿಲೆಂಡಿನ ರೇಚೆಲ್ ಸ್ಮೈತ್ ಇದನ್ನು 2018ರಲ್ಲಿ ಚಿತ್ರಕಥೆಗಳ ಜಾಲತಾಣವಾದ ವೆಬ್‌ಟೂನ್‌ನಲ್ಲಿ ಧಾರಾವಾಹಿಯಾಗಿ ಆರಂಭಿಸಿ 2024ರಲ್ಲಿ ಮುಗಿಸಿದರು. 2022ರಲ್ಲಿ ಚಿತ್ರಕಥೆಗಳಿಗೆ ಕೊಡುವ ಐಸ್ನರ್ ಪ್ರಶಸ್ತಿ ಬಂದಿತು. ಮೊದಲ 25 ಕಂತುಗಳು ಈ ಸಂಪುಟದಲ್ಲಿವೆ.

ಸ್ತೋತ್ರದಲ್ಲಿ ಪರ್ಸೆಫೋನಿ ನಾರ್ಸಿಸಸ್ ಹೂವಿಗೆ ಕೈಚಾಚಿದೊಡನೆ ನೆಲ ಬಿರಿದು, ಪಾತಾಳದ ದೊರೆ ಹೇಡೀಸ್ ಚಿನ್ನದ ರಥದಲ್ಲಿ ಮೇಲೆದ್ದು ಬಂದು, ಅಳುತ್ತಿರುವ ಅವಳನ್ನು ಹೊತ್ತೊಯ್ಯುತ್ತಾನೆ. ತಂದೆ ಸ್ಯೂಸನ ಒಪ್ಪಿಗೆ ಮೊದಲೇ ಸಿಕ್ಕಿರುತ್ತದೆ, ಅವಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಸ್ಮೈತ್ ಆ ರಥವನ್ನು ಕಾರನ್ನಾಗಿಸಿದ್ದಾರೆ. ಔತಣಕೂಟದಲ್ಲಿ ಅಮಲೇರಿದ ಪರ್ಸೆಫೋನಿಯನ್ನು ಈರೋಸ್ ತನ್ನ ತಾಯಿ, ಪ್ರೇಮದೇವತೆ ಅಫ್ರೊಡೈಟಿಯ ಮಾತು ಕೇಳಿ ಹೇಡೀಸನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಬಿಡುತ್ತಾನೆ. ಕಾರಿನ ಒಡೆಯನಿಗೆ ಅದರ ಸುಳಿವೇ ಇಲ್ಲ. ಮೊದಲ ಓದಿಗೆ ಇದು ಬರಿಯ ತಮಾಷೆ. ಆದರೆ ರೋಮನ್ ಕವಿ ಓವಿಡ್ ಇದೇ ಕಥೆಯನ್ನು ಹೇಳುವಾಗ ಪಾತಾಳದೊರೆಯ ಎದೆಗೆ ಬಾಣ ಬಿಡುವಂತೆ ಮಗನನ್ನು ಪ್ರೇರೇಪಿಸುವವಳು ಪ್ರೇಮದೇವತೆಯೇ. ವಾಹನ ಸ್ತೋತ್ರದ್ದು, ಸಂಚು ಓವಿಡನದು. ಅಪಹರಣವೇನೋ ನಡೆಯುತ್ತದೆ, ಅಪಹರಿಸುವ ಮನಸ್ಸಿನವನು ಮಾತ್ರ ಇಲ್ಲ. ಸಂಪುಟದಲ್ಲಿ ಇದಕ್ಕಿಂತ ಜಾಣತನದ ಪ್ರಸಂಗ ಇನ್ನೊಂದಿಲ್ಲ. ನಮ್ಮ ರುಕ್ಮಿಣಿ ಬ್ರಾಹ್ಮಣನ ಕೈಯಲ್ಲಿ ಓಲೆ ಕಳುಹಿಸಿ ತಾನೇ ಕೃಷ್ಣನನ್ನು ಕರೆಸಿಕೊಂಡಳು. ಪರ್ಸೆಫೋನಿಗೆ ಪುರಾಣ ಕೊಡದಿದ್ದ ಆ ಓಲೆಯನ್ನು ಸ್ಮೈತ್ ಮೊಬೈಲಿನ ರೂಪದಲ್ಲಿ ಕೊಟ್ಟಿದ್ದಾರೆ ಎಂದೇ ನಾನು ಓದಿಕೊಂಡೆ.

ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಬಿ.ಎಂ.ಶ್ರೀ. ಅವರು ಗ್ರೀಕ್ ನಾಟಕಕಾರ ಸೊಫೋಕ್ಲಿಸನ ವೀರ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿಸಿ, ಗ್ರೀಕ್ ದುರಂತವನ್ನು ಇಡಿಯಾಗಿ ಮಹಾಭಾರತದೊಳಕ್ಕೆ ತಂದರು. ಸ್ಮೈತ್ ಹೆಸರುಗಳನ್ನು ಮುಟ್ಟದೆ ಉಡುಗೆ, ಊರು, ಉದ್ಯೋಗಗಳನ್ನಷ್ಟೇ ಬದಲಿಸುತ್ತಾರೆ. ಹಾಗಾಗಿ ಹೆಸರುಗಳೇ ಸುಳಿವುಗಳಾಗುತ್ತವೆ. ಪರ್ಸೆಫೋನಿಗೆ ವಿದ್ಯಾರ್ಥಿವೇತನ ಕೊಡುವ ಚಿರಕನ್ಯೆಯರ ಸಂಘದಲ್ಲಿ ಇರುವವರು ಹೆಸ್ಟಿಯಾ, ಅಥೀನಾ, ಆರ್ಟೆಮಿಸ್. ಅಫ್ರೊಡೈಟಿಯನ್ನು ಕುರಿತ ಹಳೆಯ ಸ್ತೋತ್ರವು ಅವಳ ಮೋಡಿಗೆ ಬಗ್ಗದವರೆಂದು ಹೆಸರಿಸುವುದೂ ಈ ಮೂವರನ್ನೇ. ಹೇಡೀಸನ ಗೆಳತಿ ಮಿಂಥೆಯ ವಿಷಯವೂ ಹೀಗೆಯೇ. ಪರ್ಸೆಫೋನಿಯ ಕೋಪಕ್ಕೆ ಸಿಕ್ಕಿ ಪುದೀನ ಗಿಡವಾದ ಅಪ್ಸರೆ ಪುರಾಣದ ಮಿಂಥೆ. ಅದು ಗೊತ್ತಿದ್ದವರಿಗೆ ಅವಳ ಸಿಡುಕಿನ ಮಾತುಗಳಲ್ಲೂ ಒಂದು ಅಳುಕು ಕೇಳಿಸುತ್ತದೆ. (ದೇವರಾಜ ಮಾರುಕಟ್ಟೆಯಲ್ಲಿ ಪುದೀನ ಕಟ್ಟು ಕೊಳ್ಳುವಾಗ ಈಗ ನನಗೆ ಅವಳದೇ ನೆನಪು.)

ದೇಹದ ಬಣ್ಣದಿಂದ ದೇವರನ್ನು ಗುರುತಿಸುವ ಅಭ್ಯಾಸ ಮೈಸೂರು ಶೈಲಿಯ ಚಿತ್ರಪಟಗಳನ್ನು ನೋಡಿ ಬೆಳೆದ ನಮಗೆ ಇದ್ದೇ ಇದೆ; ನೀಲಿ ಹೇಡೀಸ್, ಗುಲಾಬಿ ಪರ್ಸೆಫೋನಿ ನಮ್ಮ ಕಣ್ಣಿಗೆ ವಿಚಿತ್ರವೆನಿಸುವುದಿಲ್ಲ. ಪರ್ಸೆಫೋನಿಯ ಮನಸ್ಸು ಕದಡಿದಾಗ ಕೂದಲು ಉದ್ದವಾಗಿ ಬೆಳೆದು ಹೂ ಬಿಡುವುದು ಮಾತ್ರ ಮೊದಮೊದಲು ಸೊಗಸಾಗಿ ಕಂಡು, ಬರಬರುತ್ತ ಮುಖಭಾವ ಬರೆಯುವ ಶ್ರಮವನ್ನು ಉಳಿಸುವ ಉಪಾಯದಂತೆ ಕಾಣುತ್ತದೆ.

ಕೊರತೆಗಳು ಚಿಕ್ಕವಲ್ಲ. ಫೋನಿನ ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಸರಿಸುತ್ತ ಓದಲೆಂದು ಬರೆದ ಚಿತ್ರಗಳನ್ನು ಪುಟಕ್ಕೆ ಹೊಂದಿಸುವಾಗ, ಪಾತಾಳಕ್ಕೆ ಇಳಿಯುವ ಅನುಭವವೇ ತುಂಡಾಗಿದೆ. ಎರಡು ಚಿತ್ರಗಳ ನಡುವೆ ಖಾಲಿ ಬಿಟ್ಟ ಕತ್ತಲೆಗೂ ಅರ್ಥವಿತ್ತು, ಅದು ಇಲ್ಲಿ ಕುಗ್ಗಿಹೋಗಿದೆ. ಹತ್ತೊಂಬತ್ತರ ಹುಡುಗಿಗೆ ಎರಡು ಸಾವಿರ ವರ್ಷ ದಾಟಿದ ದೊರೆಯನ್ನು ಜೋಡಿಸಿದ್ದೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅವಳ ಇಚ್ಛೆಗೆ ಬೆಲೆ ಕೊಡಲು ಹೊರಟ ಕಥೆ ಈ ಅಂತರವನ್ನು ಇನ್ನಷ್ಟು ಗಂಭೀರವಾಗಿ ಕಾಣಬೇಕಿತ್ತು. ಇದೇ ಸಂಪುಟದಲ್ಲಿ ಅಪೊಲೊ ಎಂಬ ದೇವ ಎಸಗುವ ಲೈಂಗಿಕ ದೌರ್ಜನ್ಯದ ಪ್ರಸಂಗವೂ ಇದೆ. ಬಣ್ಣದ ಹೊದಿಕೆ ನೋಡಿ ಮಕ್ಕಳ ಪುಸ್ತಕವೆಂದು ಹುಟ್ಟುಹಬ್ಬದ ಉಡುಗೊರೆಗೆ ಕೊಳ್ಳಬೇಡಿ. ಪುರಾಣ ಗೊತ್ತಿಲ್ಲದವರು ಮೊದಲು ಪುಸ್ತಕವನ್ನೇ ಓದಲಿ, ಸ್ತೋತ್ರ ಆಮೇಲೆ.