ಹಾಫ್ ಮೂನ್ ಬೇಯೋ, ಹ್ಯಾರಿಸ್ ರಾಂಚೋ: ನಮ್ಮ ಹಾರಾಟದ ಕ್ಲಬ್ಬಿನ ಕೂಟಗಳು

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ವಿಮಾನ ನಿಲ್ದಾಣದಲ್ಲಿ ನೆಲೆಯಿರುವ ಹವ್ಯಾಸಿ ಪೈಲಟ್‌ಗಳ ಕ್ಲಬ್ಬೊಂದರ ಸದಸ್ಯ ನಾನು. ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಬಂತೆಂದರೆ ಸೆಸ್ನಾ 172 ಎಂಬ ಸಣ್ಣ ವಿಮಾನದ ಕೀಲಿಗೆ ಕೈಚಾಚುವ ಜನ ನಾವು. ಆಗಾಗ ನಾಲ್ಕೈದು ವಿಮಾನಗಳಲ್ಲಿ ಹೊರಟು, ಬೇರೊಂದು ನಿಲ್ದಾಣದಲ್ಲಿ ಸೇರಿ, ಒಟ್ಟಿಗೆ ಉಂಡು ಬರುವುದು ಇಲ್ಲಿನ ಕ್ಲಬ್ಬುಗಳ ಹಳೆಯ ರೂಢಿ. ಎಲ್ಲಿಗೆ ಎಂಬ ಜಗಳವೂ ಅಷ್ಟೇ ಹಳೆಯದು. ನಮ್ಮಲ್ಲಿ ಪ್ರತಿ ಸಲ ಕೇಳಿಬರುವ ಹೆಸರುಗಳು ನಾಲ್ಕು: ಹಾಫ್ ಮೂನ್ ಬೇ, ಹ್ಯಾರಿಸ್ ರಾಂಚ್, ಕೊಲಂಬಿಯಾ, ಕ್ಯಾಟಲೀನಾ. ನಾಲ್ಕಕ್ಕೂ ಹೋಗಿ ಬಂದವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ.

ಅಳೆಯುವ ಕೋಲು ಯಾವುದೆಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಸಣ್ಣ ವಿಮಾನದ ಪ್ರವಾಸದಲ್ಲಿ ಕೆಟ್ಟದ್ದು ನಡೆಯುವುದು ಬಹುಪಾಲು ಒಂದೇ ಕಾರಣಕ್ಕೆ: ಹವಾಮಾನ ಕೈಕೊಟ್ಟಿದ್ದರೂ, ಕತ್ತಲಾಗುತ್ತಿದ್ದರೂ, ಹೇಗಾದರೂ ತಲುಪಬೇಕು, ಹೇಗಾದರೂ ಮನೆ ಸೇರಬೇಕು ಎಂಬ ತವಕ. ಒಬ್ಬನೇ ಇದ್ದಾಗ ಅದನ್ನು ಹತ್ತಿಕ್ಕಬಹುದು. ಹತ್ತು ಜನ ಅಲ್ಲಿ ಊಟಕ್ಕೆ ಕಾಯುತ್ತಿದ್ದಾರೆ ಎಂದಾಗ ಕಷ್ಟ. ಆದ್ದರಿಂದ ‘ಇವತ್ತು ನಾನು ಹಾರುವುದಿಲ್ಲ’ ಎಂದು ಒಬ್ಬ ಸದಸ್ಯ ಸಂಕೋಚವಿಲ್ಲದೆ ಹೇಳಬಲ್ಲ ಕೂಟವೇ ನನ್ನ ಲೆಕ್ಕದಲ್ಲಿ ಒಳ್ಳೆಯ ಕೂಟ. ಊಟದ ರುಚಿ ಆಮೇಲಿನ ಮಾತು.

ಈ ಲೆಕ್ಕದಲ್ಲಿ ಹಾಫ್ ಮೂನ್ ಬೇಗೆ ಸಾಟಿಯಿಲ್ಲ. ಪಾಲೊ ಆಲ್ಟೊದಿಂದ ಗುಡ್ಡಸಾಲು ದಾಟಿದರೆ ಪೆಸಿಫಿಕ್ ಸಾಗರ. ಹೆಚ್ಚೆಂದರೆ ಕಾಲು ಗಂಟೆಯ ಹಾರಾಟ. 1942ರಲ್ಲಿ ಸೇನೆಗಾಗಿ ಕಟ್ಟಿದ ನಿಲ್ದಾಣವಾದ್ದರಿಂದ ರನ್‌ವೇ 5,000 ಅಡಿ ಉದ್ದ, 150 ಅಡಿ ಅಗಲ. ನಮ್ಮ ಪಾಲೊ ಆಲ್ಟೊದ 2,443 ಅಡಿಯಲ್ಲಿ ಇಳಿದು ಅಭ್ಯಾಸವಾದವರಿಗೆ ಅದು ಮೈದಾನವೇ ಸರಿ. ವಿಮಾನ ಕಟ್ಟಿಹಾಕಿ ನಡೆದುಹೋದರೆ ಪ್ರಿನ್ಸ್‌ಟನ್ ಬಂದರು, ಮೀನುಗಾರರ ದೋಣಿಗಳು, ಕಡಲ ಬದಿಯ ತಿಂಡಿಯಂಗಡಿಗಳು.

ತೊಂದರೆ ಮಂಜಿನದು. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದು ಗಾಳಿ ಮೇಲೇರಿದಂತೆ, ಸಮುದ್ರದ ತಣ್ಣನೆಯ ಗಾಳಿ ಕರಾವಳಿಯೊಳಗೆ ನುಗ್ಗುತ್ತದೆ. ಅದರ ಜೊತೆ ತಗ್ಗಿನ ಮೋಡದ ಹಾಸೂ ಬರುತ್ತದೆ. ಜುಲೈಯಲ್ಲಿ ಪಾಲೊ ಆಲ್ಟೊದಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಗುಡ್ಡದಾಚೆ ಮಧ್ಯಾಹ್ನದವರೆಗೆ ಬಿಳಿ ಮುಸುಕು. ಕಣ್ಣಳತೆಯ ಹಾರಾಟದ ಪರವಾನಗಿ ಮಾತ್ರ ಇರುವವರು ಅದರೊಳಗೆ ಇಳಿಯುವಂತಿಲ್ಲ. ಆದರೂ ನಮ್ಮ ಕೂಟ ಒಮ್ಮೆಯೂ ರದ್ದಾಗಿಲ್ಲ. ಹಾರಲಾಗದವರು 92ನೇ ಹೆದ್ದಾರಿ ಹಿಡಿದು ಮುಕ್ಕಾಲು ಗಂಟೆಯಲ್ಲಿ ಕಾರಿನಲ್ಲಿ ಬಂದುಬಿಡುತ್ತಾರೆ. ಗುಡ್ಡದ ನೆತ್ತಿಯವರೆಗೆ ಹೋಗಿ, ಮೋಡ ನೋಡಿ, ತಿರುಗಿ ಬಂದು ಕಾರು ಹತ್ತಿದವನಿಗೆ ಮೇಜಿನ ಬಳಿ ಸಿಗುವುದು ತಮಾಷೆಯಲ್ಲ, ಶಹಭಾಸ್. ಇದು ಸಣ್ಣ ವಿಷಯವೆನಿಸಬಹುದು. ಹೊಸದಾಗಿ ಪರವಾನಗಿ ಪಡೆದ ಹುಡುಗ ಹುಡುಗಿಯರು ತಿರುಗಿ ಬರುವುದನ್ನು ಕಲಿಯುವುದು ಮಾತ್ರ ಇಲ್ಲಿಯೇ.

ಅಕ್ಟೋಬರ್‌ನಲ್ಲಿ ಮಂಜು ಕಡಿಮೆ. ಅದೇ ತಿಂಗಳು ಊರಿನಲ್ಲಿ ಕುಂಬಳಕಾಯಿ ಉತ್ಸವ. 92ರಲ್ಲಿ ಕಾರುಗಳು ಸಾಲುಗಟ್ಟಿ ನಿಂತಿರುವುದನ್ನು ಮೇಲಿನಿಂದ ನೋಡುತ್ತಾ ಹಾರುವ ಸುಖವನ್ನು ಅಲ್ಲಗಳೆಯಲಾರೆ.

ಹ್ಯಾರಿಸ್ ರಾಂಚ್ ಬೇರೆಯೇ ಜಾತಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ ಹೋಗುವ ಐ-5 ಹೆದ್ದಾರಿಯ ಪಕ್ಕದಲ್ಲಿ, ಕೋಲಿಂಗ ಬಳಿ ಇದೆ. ನಮ್ಮಲ್ಲಿಂದ ಸುಮಾರು ಒಂದು ಗಂಟೆಯ ಹಾರಾಟ. ರೆಸ್ಟೊರೆಂಟ್‌ಗೆ ಸ್ವಂತ ರನ್‌ವೇ ಇದೆ ಎಂಬುದೇ ಅದರ ಕೀರ್ತಿ. ಆ ರನ್‌ವೇಯ ಅಗಲ ಬರೀ 30 ಅಡಿ. ಸೆಸ್ನಾ 172ರ ರೆಕ್ಕೆಗಳ ತುದಿಯಿಂದ ತುದಿಗೆ 36 ಅಡಿ. ನಡುಗೆರೆಯ ಮೇಲೆ ನೇರವಾಗಿ ಇಳಿದರೂ ಎರಡೂ ರೆಕ್ಕೆಗಳು ಟಾರಿನಿಂದಾಚೆ ಮಣ್ಣಿನ ಮೇಲೆ ಚಾಚಿಕೊಂಡಿರುತ್ತವೆ. ಕಿರಿದಾದ ರನ್‌ವೇ ಕಣ್ಣಿಗೆ ಮೋಸ ಮಾಡುತ್ತದೆ. ಇರುವುದಕ್ಕಿಂತ ಎತ್ತರದಲ್ಲಿದ್ದೇವೆ ಎನಿಸಿ ಪೈಲಟ್ ಬೇಕಾದ್ದಕ್ಕಿಂತ ಕೆಳಗೆ ಬರುತ್ತಾನೆ. ಹಾಫ್ ಮೂನ್ ಬೇಯ ಅಗಲದ ಐದರಲ್ಲೊಂದು ಪಾಲು ಎಂದರೆ ವ್ಯತ್ಯಾಸ ತಿಳಿದೀತು. ಕೌಶಲದ ಪರೀಕ್ಷೆಯಾಗಿ ನನಗೆ ಇದು ತುಂಬ ಇಷ್ಟ.

ಕೂಟವಾಗಿ ಅಷ್ಟಿಲ್ಲ. ಅದು ಹೆಸರಾಂತ ಗೋಮಾಂಸದ ಅಡುಗೆಮನೆ. ಕ್ಲಬ್ಬಿನ ನಾವು ಮೂರು ಕನ್ನಡದ ಮನೆಗಳವರು ಸುಟ್ಟ ಆಲೂಗಡ್ಡೆ, ಸಲಾಡ್, ಬ್ರೆಡ್ಡಿನಲ್ಲಿ ತೃಪ್ತರಾಗಬೇಕು. ಅದಕ್ಕಿಂತ ಮುಖ್ಯವಾದದ್ದು ಗಡಿಯಾರ. ಹನ್ನೆರಡು ಜನರ ಊಟ ನಿಧಾನವಾಗಿಯೇ ಮುಗಿಯುತ್ತದೆ. ನವೆಂಬರ್‌ನಲ್ಲಿ ಸೂರ್ಯ ಐದಕ್ಕೇ ಮುಳುಗುತ್ತಾನೆ. ರಾತ್ರಿ ಪ್ರಯಾಣಿಕರನ್ನು ಒಯ್ಯಬೇಕಾದರೆ ಕಳೆದ 90 ದಿನಗಳಲ್ಲಿ ಕನಿಷ್ಠ ಮೂರು ಸಲ ರಾತ್ರಿಯಲ್ಲೇ ಏರಿ, ಇಳಿದು, ಪೂರ್ತಿ ನಿಲ್ಲಿಸಿರಬೇಕು ಎಂಬುದು ಅಮೆರಿಕದ ನಿಯಮ. ನಮ್ಮಲ್ಲಿ ಅರ್ಧಕ್ಕರ್ಧ ಜನರಿಗೆ ಆ ಅರ್ಹತೆ ಇರುವುದಿಲ್ಲ. ಹಾಗಾಗಿ ಕಾಫಿ ಬರುವ ಹೊತ್ತಿಗೆ ಮಾತು ನಿಂತು ಎಲ್ಲರ ಕಣ್ಣೂ ಕಿಟಕಿಯ ಕಡೆಗೆ. ಚಳಿಗಾಲದಲ್ಲಿ ಕಣಿವೆಯನ್ನು ತುಂಬುವ ಟೂಲಿ ಮಂಜಂತೂ ದಿನಗಟ್ಟಲೆ ಕದಲುವುದಿಲ್ಲ. ಕಾರಿನಲ್ಲಿ ಬರುತ್ತೇನೆಂದರೆ ಎರಡೂವರೆ ಗಂಟೆ, ಯಾರೂ ಬರುವುದಿಲ್ಲ. ವರ್ಷಕ್ಕೊಮ್ಮೆ, ವಸಂತದಲ್ಲಿ ಹಗಲು ಉದ್ದವಾಗಿರುವಾಗ, ಗುಡ್ಡಗಳು ಇನ್ನೂ ಹಸಿರಾಗಿರುವಾಗ ಹೋದರೆ ಸಾಕು.

ಕುಟುಂಬ ಸಮೇತ ಎಂದಾದರೆ ನನ್ನ ಮತ ಕೊಲಂಬಿಯಾಕ್ಕೆ. ಸಿಯೆರಾ ನೆವಾಡಾದ ತಪ್ಪಲಿನಲ್ಲಿ ಸುಮಾರು 2,100 ಅಡಿ ಎತ್ತರದಲ್ಲಿರುವ ನಿಲ್ದಾಣ. ಟಾರಿನ ರನ್‌ವೇಯ ಜೊತೆಗೆ ಹುಲ್ಲಿನದೂ ಒಂದಿದೆ. ವಿಮಾನಗಳಲ್ಲಿ ಬಂದವರಿಗೆಂದೇ ಡೇರೆ ಹಾಕುವ ಜಾಗವಿದೆ. ಅಲ್ಲಿಂದ ಕಾಲುದಾರಿಯಲ್ಲಿ ಹೋದರೆ 1850ರ ಚಿನ್ನದ ಹುಚ್ಚಿನ ಕಾಲದಲ್ಲಿ ಹುಟ್ಟಿದ ಊರು. ಈಗ ಅದು ರಾಜ್ಯದ ಐತಿಹಾಸಿಕ ಉದ್ಯಾನ. ಕಾರುಗಳಿಲ್ಲದ ಮುಖ್ಯ ಬೀದಿ, ಕುದುರೆ ಸಾರೋಟು, ತಟ್ಟೆಯಲ್ಲಿ ಮರಳು ಜಾಲಿಸಿ ಚಿನ್ನದ ಕಣ ಹುಡುಕುವ ಮಕ್ಕಳು. ಕೋಲಾರದ ಸದಸ್ಯರೊಬ್ಬರು ಅರ್ಧ ದಿನ ಆ ತಟ್ಟೆ ಬಿಟ್ಟು ಏಳಲಿಲ್ಲ.

ರಾತ್ರಿ ಅಲ್ಲಿಯೇ ಉಳಿಯುವುದರಿಂದ ಗಡಿಯಾರದ ಕಾಟವಿಲ್ಲ. ಬಿಯರ್ ಕುಡಿಯುವವರು ನೆಮ್ಮದಿಯಾಗಿ ಕುಡಿಯಬಹುದು. ಕುಡಿದ ಎಂಟು ಗಂಟೆಯೊಳಗೆ ವಿಮಾನ ಮುಟ್ಟಬಾರದೆಂಬ ನಿಯಮ ಬೇರೆ ಕೂಟಗಳಲ್ಲಿ ಅವರನ್ನು ನಿಂಬೆ ಪಾನಕಕ್ಕೆ ಇಳಿಸಿರುತ್ತದೆ. ಮರುದಿನ ಮೋಡವಿದ್ದರೆ ಇನ್ನೊಂದು ರಾತ್ರಿ ಇರಬಹುದು, ಡೇರೆ ಹೇಗೂ ಇದೆ.

ಆದರೆ ಡೇರೆಗೆ ತೂಕವಿದೆ. ನಾಲ್ಕು ಸೀಟಿದೆ ಎಂದ ಮಾತ್ರಕ್ಕೆ 172 ನಾಲ್ವರನ್ನು ಹೊರುವುದಿಲ್ಲ. ಟ್ಯಾಂಕ್ ತುಂಬಿಸಿದರೆ ಇಂಧನವೇ 300 ಪೌಂಡ್ ದಾಟುತ್ತದೆ. ಜನಕ್ಕೂ ಸಾಮಾನಿಗೂ ಸೇರಿ ಉಳಿಯುವುದು ಸುಮಾರು 550 ಪೌಂಡ್, ಅಂದರೆ 250 ಕಿಲೊ. ಹಾಗಾಗಿ ಹೊರಡುವ ಮೊದಲು ಹ್ಯಾಂಗರಿನಲ್ಲಿ ತೂಕದ ಯಂತ್ರ ಇಟ್ಟು ಒಬ್ಬೊಬ್ಬರನ್ನೇ ನಿಲ್ಲಿಸುತ್ತೇವೆ. ಬಾಯಿಮಾತಿನಲ್ಲಿ ಹೇಳಿದ ತೂಕವನ್ನು ನಂಬುವ ಪೈಲಟ್ ನಮ್ಮಲ್ಲಿಲ್ಲ. ದಾವಣಗೆರೆಯಿಂದ ಬಂದಿದ್ದ ನನ್ನ ಅತ್ತೆಯವರು ಸೆರಗು ಸುತ್ತಿಕೊಂಡು ಯಂತ್ರ ಹತ್ತಿ, “ಅಳಿಯಂದಿರೇ, ನನ್ನನ್ನೂ ಅಡಿಕೆ ಮೂಟೆಯ ಹಾಗೆ ತೂಗುತ್ತೀರಲ್ಲ” ಎಂದರು. ಬಾಣಲೆ, ಚಕ್ಕುಲಿಯ ಡಬ್ಬ ಎರಡೂ ಅವರ ಕೈಯಲ್ಲೇ ಇದ್ದವು. ಬಾಣಲೆ ಹಿಂದೆ ಉಳಿಯಿತು, ಚಕ್ಕುಲಿ ಬಂತು.

ಕೊಲಂಬಿಯಾದಿಂದ ಹೊರಡುವುದು ಬೆಳಿಗ್ಗೆಯೇ ಆಗಬೇಕು. ಮಧ್ಯಾಹ್ನ 35 ಡಿಗ್ರಿ ಬಿಸಿಲಿನಲ್ಲಿ ಗಾಳಿ ತೆಳುವಾಗಿ, ಎಂಜಿನ್‌ಗೂ ರೆಕ್ಕೆಗೂ ಅದು ಸುಮಾರು 5,000 ಅಡಿ ಎತ್ತರದ ನಿಲ್ದಾಣವಾಗಿಬಿಡುತ್ತದೆ. ಇನ್ನೊಂದು ಸಂಗತಿ: ಅಲ್ಲಿ ರಾಜ್ಯದ ಕಾಡ್ಗಿಚ್ಚು ನಂದಿಸುವ ವಿಮಾನಗಳ ನೆಲೆಯಿದೆ. ಆಗಸ್ಟ್‌ನಲ್ಲಿ ಅವು ಏಳುವಾಗ ನಾವು ದಾರಿ ಬಿಟ್ಟು ನಿಲ್ಲಬೇಕು, ನಿಲ್ಲುವುದೇ ಸರಿ. ನಾವು ಮೇ ಅಥವಾ ಅಕ್ಟೋಬರ್ ಆರಿಸಿಕೊಳ್ಳುತ್ತೇವೆ.

ಇನ್ನು ಕ್ಯಾಟಲೀನಾ. ಚಿತ್ರ ತೆಗೆದರೆ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಲಾಸ್ ಏಂಜಲೀಸ್ ಎದುರಿನ ದ್ವೀಪದ ಗುಡ್ಡದ ತಲೆಯನ್ನು ಸವರಿ ಮಾಡಿದ 3,000 ಅಡಿಯ ರನ್‌ವೇ, 1,602 ಅಡಿ ಎತ್ತರದಲ್ಲಿ. ಎರಡು ತುದಿಗೂ ಪ್ರಪಾತ. ಮೊದಲ ಭಾಗ ಏರುಮುಖವಾದ್ದರಿಂದ ಇಳಿದವನಿಗೆ ಆಚೆಯ ತುದಿ ಕಾಣುವುದಿಲ್ಲ. ರನ್‌ವೇ ಮುಗಿದೇ ಹೋಯಿತೆಂದು ಬ್ರೇಕ್ ಒತ್ತುವವರೇ ಹೆಚ್ಚು. 1924ರಲ್ಲಿ ಚಲನಚಿತ್ರದ ಚಿತ್ರೀಕರಣಕ್ಕೆಂದು ತಂದರು ಎನ್ನಲಾಗುವ ಕಾಡೆಮ್ಮೆಗಳ ಸಂತತಿ ಈಗಲೂ ಗುಡ್ಡಗಳಲ್ಲಿ ಮೇಯುತ್ತಿದೆ.

ಆದರೆ ಪಾಲೊ ಆಲ್ಟೊದಿಂದ ಎರಡೂವರೆ ಗಂಟೆಗೂ ಮೇಲಿನ ದಾರಿ, ಕೊನೆಯಲ್ಲಿ ಒಂದೇ ಎಂಜಿನ್‌ನ ವಿಮಾನದಲ್ಲಿ ಸುಮಾರು ಇಪ್ಪತ್ತು ಮೈಲಿ ಸಮುದ್ರ. ಎಂಜಿನ್ ನಿಂತರೆ 172 ಪ್ರತಿ ಸಾವಿರ ಅಡಿ ಎತ್ತರಕ್ಕೆ ಹೆಚ್ಚುಕಡಿಮೆ ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ; ಆ ಲೆಕ್ಕ ಹಾಕಿ ಎತ್ತರಕ್ಕೆ ಏರಿ ದಾಟುತ್ತೇವೆ, ಆದರೂ ಜೀವರಕ್ಷಕ ಜಾಕೆಟ್ ತೊಟ್ಟಿರುತ್ತೇವೆ. ಇಳಿಯುವ ಶುಲ್ಕ ಬೇರೆ. ಗಂಟೆಗೆ ಇನ್ನೂರು ಡಾಲರ್ ಆಸುಪಾಸು ಬಾಡಿಗೆ ಎಂದರೆ ಹೋಗಿ ಬರುವ ಖರ್ಚು ಸಾವಿರ ದಾಟುತ್ತದೆ. ಪ್ರಯಾಣಿಕರು ಹಂಚಿಕೊಳ್ಳಬಹುದು, ಪೈಲಟ್ ತನ್ನ ಸಮಪಾಲನ್ನು ಕೊಡಲೇಬೇಕು, ಅದು ಕಾನೂನು. ಇಷ್ಟು ದೂರ, ಇಷ್ಟು ಹಣ ಸುರಿದವನಿಗೆ ಸಮುದ್ರದಂಚಿನಲ್ಲಿ ಮೋಡ ಕಂಡಾಗ ಹಿಂತಿರುಗುವ ಮನಸ್ಸು ಬರುವುದು ಕಷ್ಟ. ನಾನು ಹೋದಾಗಲೂ ನಾಲ್ಕು ವಿಮಾನ ಹೊರಟು ಎರಡು ತಲುಪಿದವು. ತಲುಪದವರು ದಾರಿಯಲ್ಲೇ ಬೇರೆ ಬೇರೆ ಊರುಗಳಲ್ಲಿ ಉಂಡರು. ಇಬ್ಬರು ಗೆಳೆಯರು ಸೇರಿ ಹೋಗುವುದಾದರೆ ಖಂಡಿತ ಹೋಗಿ. ಕ್ಲಬ್ಬಿನ ಕೂಟವೆಂದು ಕರೆಯಬೇಡಿ.

ಹಾರದೆಯೇ ನಡೆಯುವ ಕೂಟ ಈ ಪಟ್ಟಿಯಲ್ಲಿ ಇಲ್ಲದಿರುವುದು ನನಗೆ ಸ್ವಲ್ಪ ಬೇಸರ. ಜನವರಿಯಲ್ಲಿ ಎಲ್ಲರೂ ಸೇರಿ ವಿಮಾನ ತೊಳೆದು, ಹೊಟ್ಟೆಯ ಕೆಳಗಿನ ಎಣ್ಣೆ ಒರೆಸಿ, ಮನೆಯಿಂದ ತಂದ ಚಿತ್ರಾನ್ನ, ಪಾಸ್ತಾ ಹಂಚಿಕೊಳ್ಳುವ ದಿನ ಅದು. ಖರ್ಚು ಸೋಪಿನದು. ಮುಂದಿನ ವರ್ಷಕ್ಕೆ ನಾನು ಕೊಡುವ ಸಲಹೆ ಇಷ್ಟು: ಜನವರಿಯಲ್ಲಿ ತೊಳೆಯುವುದು, ಏಪ್ರಿಲ್‌ನಲ್ಲಿ ಹ್ಯಾರಿಸ್ ರಾಂಚ್, ಮೇಯಲ್ಲಿ ಕೊಲಂಬಿಯಾ, ಉಳಿದಂತೆ ಯಾವ ಶನಿವಾರ ಬೇಕಾದರೂ ಹಾಫ್ ಮೂನ್ ಬೇ. ಕ್ಯಾಟಲೀನಾ ಪಕ್ಷದವರು ಒಪ್ಪುವುದಿಲ್ಲವೆಂದು ಗೊತ್ತು. ಅವರ ಬಳಿ ಆ ಕಾಡೆಮ್ಮೆಗಳ ಫೋಟೊಗಳಿವೆ.