ಆ ಐದು ಸ್ಟಾರ್ ಕೊಟ್ಟವನು ನಾನೇ, ದಯವಿಟ್ಟು ನಂಬಬೇಡಿ

ಹಳೇ ವಿಡಿಯೋ ಗೇಮ್ ಕಾರ್ಟ್ರಿಜ್, ಅಂದ್ರೆ ಟಿವಿ ಗೇಮ್ ಯಂತ್ರಕ್ಕೆ ಸಿಕ್ಕಿಸೋ ಪ್ಲಾಸ್ಟಿಕ್ ಡಬ್ಬಿ, ಮಾರೋ ಒಬ್ಬನ ಪುಟದಲ್ಲಿ ಒಂದು ರಿವ್ಯೂ ಇದೆ. "ನೂರಕ್ಕೆ ನೂರು ಒರಿಜಿನಲ್. ಕಣ್ಣು ಮುಚ್ಚಿ ತಗೋಬಹುದು." ಐದು ಸ್ಟಾರ್. ಅದನ್ನ ಬರೆದ ಮಹಾನುಭಾವ ನಾನೇ. ಈಗ ಅಳಿಸೋಕೂ ಆಗ್ತಿಲ್ಲ, ತಿದ್ದೋಕೂ ಆಗ್ತಿಲ್ಲ, ಅವಧಿ ಮುಗಿದಿದೆಯಂತೆ. ಅದಕ್ಕೇ ಇಲ್ಲಿ ಬರೀತಿದೀನಿ. ಕಣ್ಣು ಮುಚ್ಚಿ ತಗೊಂಡವನು ನಾನು. ನೀವು ಮಾತ್ರ ಕಣ್ಣು ಬಿಟ್ಕೊಂಡು ಓದಿ.

ನಾಚಿಕೆ ಆಗೋದು ದುಡ್ಡು ಹೋಗಿದ್ದಕ್ಕಲ್ಲ. ಸರಿ, ಅದಕ್ಕೂ ಆಗ್ತಿದೆ. ಆದ್ರೆ ಹೆಚ್ಚಿಗೆ ಉರಿಯೋದು ಯಾಕಂದ್ರೆ, ನಕಲಿ ಕಾರ್ಟ್ರಿಜ್ ಗುರುತಿಸೋದು ಹೇಗೆ ಅಂತ ನಾಲ್ಕು ಜನಕ್ಕೆ ಪಾಠ ಹೇಳ್ತಿದ್ದವನು ನಾನು. ಲೇಬಲ್ಲಿನ ಬಣ್ಣ ನೋಡಿ, ಸ್ಕ್ರೂ ನೋಡಿ, ಪ್ಲಾಸ್ಟಿಕ್ ಮುಟ್ಟಿ ನೋಡಿ ಅಂತೆಲ್ಲಾ. ನನಗೇ ಪಂಗನಾಮ.

ಗೇಮ್ ಯಾವುದು ಅಂದ್ರೆ ಟೆರಾನಿಗ್ಮಾ. ತೊಂಬತ್ತರ ದಶಕದ ಟಿವಿ ಗೇಮ್ ಯಂತ್ರ ಸೂಪರ್ ನಿಂಟೆಂಡೊಗೆ ಜಪಾನಿನ ಕ್ವಿಂಟೆಟ್ ಕಂಪನಿ ಮಾಡಿದ್ದು. ಅವರದೇ ಸೋಲ್ ಬ್ಲೇಜರ್, ಇಲ್ಯೂಷನ್ ಆಫ್ ಗಾಯಾ ಆಡಿದವರಿಗೆ ಇದು ಅವೆರಡರ ದೊಡ್ಡಣ್ಣ ಅಂತ ಹೇಳಬೇಕಿಲ್ಲ. ಜಪಾನಿನಲ್ಲಿ ಬಂದಿದ್ದು 1995ರಲ್ಲಿ, ಯುರೋಪಿಗೆ ಬಂದಿದ್ದು 1996ರ ಕೊನೆಗೆ. ಆ ಹೊತ್ತಿಗೆ ಅಲ್ಲಿ ಸೋನಿಯ ಹೊಸ ಯಂತ್ರ ಪ್ಲೇಸ್ಟೇಷನ್ ಬಂದು ವರ್ಷ ದಾಟಿತ್ತು. ಸೂಪರ್ ನಿಂಟೆಂಡೊ ಕಡೆ ಯಾರು ತಿರುಗಿ ನೋಡ್ತಾರೆ? ಅಮೆರಿಕದಲ್ಲಂತೂ ಅದು ಬಿಡುಗಡೆಯೇ ಆಗಲಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹೀಗೆ ಆಗ ಯಾರೂ ಕೇಳದ ಗೇಮುಗಳೇ ಈಗ ಬಂಗಾರ. ಸ್ಯಾಟರ್ನ್‌ನ (ಅದು ಸೇಗಾದ ಯಂತ್ರ) ಪ್ಯಾಂಜರ್ ಡ್ರ್ಯಾಗೂನ್ ಸಾಗಾ ಹಾಗೇ, ಸೂಪರ್ ನಿಂಟೆಂಡೊದ ಅರ್ತ್‌ಬೌಂಡ್ ಹಾಗೇ. ಬಂದಾಗ ಮೂಲೆಗೆ ಬಿದ್ದವು, ಕಮ್ಮಿ ಪ್ರತಿ ಹೊರಬಂದವು, ಇಪ್ಪತ್ತು ವರ್ಷ ಆದ್ಮೇಲೆ ಎಲ್ಲರಿಗೂ ಪ್ರೀತಿ ಉಕ್ಕಿತು. ಪ್ರೀತಿ ಉಕ್ಕಿದ ಕಡೆ ನಕಲಿ ಹುಟ್ಟುತ್ತೆ. ಲಕ್ಷಗಟ್ಟಲೆ ಮಾರಿದ ಯಾವುದೋ ಫುಟ್‌ಬಾಲ್ ಗೇಮನ್ನ ಯಾರು ನಕಲಿ ಮಾಡ್ತಾರೆ ಹೇಳಿ.

ನನಗೆ ಮಾರಿದವನ ಜಾಹೀರಾತಲ್ಲಿ "ಟೆಸ್ಟೆಡ್, ವರ್ಕಿಂಗ್, ಒರಿಜಿನಲ್, ಒಬ್ಬನೇ ಮಾಲೀಕ" ಅಂತಿತ್ತು. ಫೋಟೋ ಎಂಟು. ಮುಂದೆ, ಹಿಂದೆ, ಪಕ್ಕ, ಟಿವಿಯಲ್ಲಿ ಟೈಟಲ್ ಸ್ಕ್ರೀನ್. ಒಳಗಿನ ಸರ್ಕ್ಯೂಟ್ ಬೋರ್ಡಿನ ಫೋಟೋ ಇದ್ಯಾ ಅಂತ ಕೇಳಿದೆ. ಕೇಳಲಿಲ್ಲ ಅಂತಲ್ಲ, ಕೇಳಿದೆ!

"ಸರ್, ಫ್ಯಾಕ್ಟರಿಯಿಂದ ಬಂದಮೇಲೆ ಒಂದ್ಸಲಾನೂ ಬಿಚ್ಚಿಲ್ಲ. ಬಿಚ್ಚಿದ್ರೆ ಬೆಲೆ ಬಿದ್ದೋಗುತ್ತೆ. ನಿಮ್ಮಂಥ ಕಲೆಕ್ಟರ್‌ಗೆ ನಾನು ಹೇಳ್ಬೇಕಾ?"

ನೋಡಿ, ಇಲ್ಲೇ. ಇಲ್ಲೇ ನಾನು ಬಿದ್ದಿದ್ದು. "ನಿಮ್ಮಂಥ ಕಲೆಕ್ಟರ್" ಅಂದ ಅಷ್ಟೇ, ಉಬ್ಬಿಹೋದೆ. ಹೌದಲ್ವಾ, ಬಿಚ್ಚದೇ ಇರೋದೇ ಒಳ್ಳೇದು ಅಂತ ನಾನೇ ಅವನ ಪರವಾಗಿ ವಾದ ಮಾಡ್ಕೊಂಡೆ. ಬೆಲೆ ಅನುಮಾನ ಬರೋಷ್ಟು ಕಮ್ಮಿ ಇರಲಿಲ್ಲ, ಅದೇ ಅವನ ಜಾಣತನ. ತೀರಾ ಅಗ್ಗಕ್ಕಿಟ್ಟಿದ್ರೆ ನಾನು ಮುಟ್ತಿರಲಿಲ್ಲ. ಜೊತೆಗೆ ಒಂದು ಗೇಮ್ ಗಿಯರ್, ಕೈಯಲ್ಲಿ ಹಿಡಿದು ಆಡೋ ಯಂತ್ರ, ಕೂಡ ತಗೊಂಡೆ, "ಕೆಪಾಸಿಟರ್ ಎಲ್ಲಾ ಹೊಸದು" ಅಂದ. ಕೆಪಾಸಿಟರ್ ಅಂದ್ರೆ ಬೋರ್ಡ್ ಮೇಲೆ ವಿದ್ಯುತ್ ಹಿಡಿದಿಡೋ ಪುಟ್ಟ ಬಿಡಿಭಾಗ. ಅದರ ಕಥೆ ಆಮೇಲೆ.

ಪಾರ್ಸೆಲ್ ಬಂತು. ಕಾರ್ಟ್ರಿಜ್ಜಿನ ಹಿಂದೆ ಎರಡೂ ಸ್ಕ್ರೂ ಮೇಲೆ ಪುಟಾಣಿ ಬೆಳ್ಳಿ ಸ್ಟಿಕರ್, "ತೆಗೆದರೆ ರಿಟರ್ನ್ ಇಲ್ಲ" ಅಂತ. ನಿಂಟೆಂಡೊ ಯಾವತ್ತು ಸ್ಕ್ರೂ ಮೇಲೆ ಸ್ಟಿಕರ್ ಅಂಟಿಸಿತ್ತು? ಯಾವತ್ತೂ ಇಲ್ಲ. ನನಗೆ ಅದು ಗೊತ್ತಿತ್ತು. ಆದ್ರೂ "ಎಷ್ಟು ಶಿಸ್ತು ನೋಡು ಈ ಮನುಷ್ಯನಿಗೆ" ಅಂತ ಅಂದ್ಕೊಂಡೆ. ಹಾಕಿದೆ, ಓಡಿತು, ಅರ್ಧ ಗಂಟೆ ಆಡಿ ಐದು ಸ್ಟಾರ್ ಒತ್ತಿದೆ. ಅರ್ಧ ಗಂಟೆ! ಯಾರೂ ಕೇಳಿರಲಿಲ್ಲ, ನಾನೇ ಮೈಮೇಲೆ ಬಂದವನ ಹಾಗೆ ಬರೆದೆ.

ಹತ್ತು ದಿನ ಸುಖವಾಗಿದ್ದೆ. ಆಡಿದವರಿಗೆ ಗೊತ್ತು, ಪಾತಾಳದ ಊರಿಂದ ಹೊರಟ ಹುಡುಗ ಮೊದಲು ಖಂಡಗಳನ್ನ ಎಬ್ಬಿಸ್ತಾನೆ, ಆಮೇಲೆ ಗಿಡಮರ, ಹಕ್ಕಿ, ಪ್ರಾಣಿ. ಪ್ರಾಣಿಗಳೆಲ್ಲಾ ಅವನ ಹತ್ರ ಮಾತಾಡ್ತವೆ. ಮನುಷ್ಯರು ಎದ್ದ ಮೇಲೆ ಅವುಗಳ ಮಾತು ಅವನಿಗೆ ತಿಳಿಯೋದೇ ನಿಂತುಹೋಗುತ್ತೆ. ಸೂಪರ್ ನಿಂಟೆಂಡೊದಲ್ಲಿ ನನಗೆ ಗಂಟಲು ಕಟ್ಟಿದ ಜಾಗ ಅಂದ್ರೆ ಅದೇ. ಆ ಜಾಗ ದಾಟಿ ಸೇವ್ ಮಾಡಿ ಮಲಗಿದೆ. ಬೆಳಿಗ್ಗೆ ನೋಡಿದ್ರೆ ಮೂರೂ ಸೇವ್ ಖಾಲಿ.

ಮೆಸೇಜ್ ಹಾಕಿದೆ. ತಕ್ಷಣ ಉತ್ತರ:

"ಸರ್ ಅದು ಒಳಗಿನ ಬ್ಯಾಟರಿ. ಇಪ್ಪತ್ತೈದು ವರ್ಷದ ಮಾಲು ಅಲ್ವಾ. ಇದೇ ಒರಿಜಿನಲ್ ಅನ್ನೋದಕ್ಕೆ ಸಾಕ್ಷಿ 😊"

ಆ ನಗುಮುಖ ನೆನೆಸಿಕೊಂಡ್ರೆ ಈಗಲೂ ಮೈ ಉರಿಯುತ್ತೆ. ಆದ್ರೆ ಮಾತು ಸುಳ್ಳು ಅಂತ ಹೇಳೋ ಹಾಗೂ ಇಲ್ಲ. ಆ ಕಾಲದ ಕಾರ್ಟ್ರಿಜ್‌ಗಳಲ್ಲಿ ಸೇವ್ ಉಳಿಯೋದು ಒಳಗಿನ ಬಟನ್ ಬ್ಯಾಟರಿಯ ದಯೆಯಿಂದ. ಅದು ಸತ್ತರೆ ಸೇವ್ ಸತ್ತಿತು, ಅಸಲಿಯಲ್ಲೂ ಅಷ್ಟೇ. ಹಾಗಾಗಿ ಮತ್ತೆ ನಂಬಿದೆ. ಎರಡನೇ ಸಲ. "ಥ್ಯಾಂಕ್ಸ್ ಬ್ರದರ್" ಅಂತ ಬೇರೆ ಕಳಿಸಿದೆ.

ಬಯಲಾಗಿದ್ದು ಚಿಕ್ಕಪ್ಪನ ಮಗನಿಂದ. ಅವನ ಹತ್ರ ಸೂಪರ್ ಫ್ಯಾಮಿಕಾಮ್ ಇದೆ, ಜಪಾನಿನಲ್ಲಿ ಸೂಪರ್ ನಿಂಟೆಂಡೊದ ಹೆಸರೇ ಅದು. ಒಳಗೆ ಯಾರೂ ಕೈ ಹಾಕಿ ಬದಲಾಯಿಸದ ಯಂತ್ರ. ನನ್ನದು ಯುರೋಪಿನ ಸೂಪರ್ ನಿಂಟೆಂಡೊ. ಹಿಂದಿನ ಮಾಲೀಕ ಅದರ ಲಾಕ್‌ಔಟ್ ಚಿಪ್ಪಿನ, ಅಂದ್ರೆ ಬೇರೆ ದೇಶದ ಕಾರ್ಟ್ರಿಜ್ ತಡೆಯೋ ಚಿಪ್ಪಿನ, ಒಂದು ಕಾಲು ಎತ್ತಿ, ಟಿವಿ ಚಿತ್ರದ ವೇಗ ಬದಲಾಯಿಸೋ 50 ಹರ್ಟ್ಸ್ 60 ಹರ್ಟ್ಸ್ ಸ್ವಿಚ್ ಕೂರಿಸಿದ್ದ. ಅದು ಜಪಾನಿನ ಕಾರ್ಟ್ರಿಜ್ ಹಾಕಿದ್ರೂ ಬೇಡ ಅನ್ನಲ್ಲ. ಹುಡುಗ ನನ್ನ ಟೆರಾನಿಗ್ಮಾ, ಅದು ಯುರೋಪಿನ ಕಾರ್ಟ್ರಿಜ್, ತಗೊಂಡು ಹೋಗಿ ತನ್ನದಕ್ಕೆ ಹಾಕಿ ಫೋನ್ ಮಾಡಿದ.

"ಅಣ್ಣಾ, ಸಖತ್ತಾಗಿ ಓಡ್ತಿದೆ."

"ಒಳ್ಳೇದಾಯ್ತು ಬಿಡೋ."

"ಅಣ್ಣಾ... ಇದು ಓಡಬಾರ್ದಲ್ವಾ?"

ನಾನು ಸುಮ್ಮನಾದೆ. ಯುರೋಪಿನ ಕಾರ್ಟ್ರಿಜ್ಜಿಗೂ ಜಪಾನಿನದಕ್ಕೂ ಆಕಾರ ಒಂದೇ, ಹಾಕಿದ್ರೆ ಕೂರುತ್ತೆ. ಆದ್ರೆ ಕಾರ್ಟ್ರಿಜ್ ಒಳಗಿನ ಲಾಕ್‌ಔಟ್ ಚಿಪ್ಪು ಯಂತ್ರದ ಚಿಪ್ಪಿನ ಜೊತೆ ಮಾತಾಡಿ ಹೊಂದಿಕೆ ಆಗಬೇಕು. ಯುರೋಪಿನದು ಒಂದು ಜಾತಿ, ಜಪಾನ್ ಅಮೆರಿಕದ್ದು ಇನ್ನೊಂದು. ಹೊಂದಲಿಲ್ಲ ಅಂದ್ರೆ ಕಪ್ಪು ಪರದೆ. ಅಸಲಿ ಆಗಿದ್ದಿದ್ರೆ ಅವನ ಮನೇಲಿ ಕಪ್ಪು ಪರದೆ ಬರಬೇಕಿತ್ತು. ಬರಲಿಲ್ಲ. ಓಡಬಾರದ ಕಡೆ ಓಡಿತು. "ವರ್ಕಿಂಗ್" ಅಂತ ಮಾರಿದವನು ಬರೆದಿದ್ದು ನಿಜ ಮಾರಾಯ್ರೇ, ಬೇಕಾದ್ದಕ್ಕಿಂತ ಜಾಸ್ತಿನೇ ವರ್ಕಿಂಗ್!

ಇಷ್ಟಾದ ಮೇಲೆ ಸ್ಟಿಕರ್ ಕಿತ್ತೆ. ಈ ಸ್ಕ್ರೂಗೆ ಬೇಕಾದ 3.8 ಮಿಲಿಮೀಟರ್ ಬಿಟ್ ಹಾಕಿ ಎರಡು ಸ್ಕ್ರೂ ಬಿಚ್ಚಿದೆ. ಅಸಲಿ ಬೋರ್ಡ್ ಆಗಿದ್ರೆ ಮೇಲೆ ನಿಂಟೆಂಡೊ ಹೆಸರು, ಎಸ್‌ಎಚ್‌ವಿಸಿ ಅಂತ ಶುರುವಾಗೋ ಸಂಖ್ಯೆ, ಇಸವಿ ಅಚ್ಚಾಗಿರುತ್ತೆ. ಇದರಲ್ಲಿ ಏನೂ ಇಲ್ಲ, ಬೋಳು ಹಸಿರು ತಗಡು. ಸೇವ್ ಹಿಡಿದಿಡೋ ರ‍್ಯಾಮ್ ಚಿಪ್ ಇರಬೇಕಾದ ಜಾಗದಲ್ಲಿ ಟಾರು ಸುರಿದ ಹಾಗೆ ಕಪ್ಪು ಮುದ್ದೆ. ಬ್ಯಾಟರಿಗೆ ಹಿಡಿಕೆಯೂ ಇಲ್ಲ, ಸರಿಯಾದ ಬೆಸುಗೆಯೂ ಇಲ್ಲ, ಟೇಪಲ್ಲಿ ಒತ್ತಿ ಹಿಡಿದಿದಾನೆ. ದೊಡ್ಡ ಚಿಪ್ಪಿನ ಮೇಲೆ 29ಎಲ್‌ವಿ320 ಅಂತ ಬರಹ. ಅದು ಬರೆದು ಅಳಿಸಬಹುದಾದ ಫ್ಲ್ಯಾಶ್ ಮೆಮೊರಿ, 32 ಮೆಗಾಬಿಟ್, ಟೆರಾನಿಗ್ಮಾ ಅದರಲ್ಲಿ ಸರಿಯಾಗಿ ಹಿಡಿಸುತ್ತೆ. ಅಸಲಿಯಲ್ಲಿ ಇರೋದು ಕಾರ್ಖಾನೆಯಲ್ಲೇ ಗೇಮ್ ಕೆತ್ತಿ ಕಳಿಸಿದ, ಮತ್ತೆ ತಿದ್ದೋಕಾಗದ ಮಾಸ್ಕ್ ರೋಮ್ ಚಿಪ್. ಇನ್ನೂ ಹೊಟ್ಟೆ ಉರಿಯೋದು ಏನು ಗೊತ್ತಾ, ಆ ಫ್ಲ್ಯಾಶ್ 3 ವೋಲ್ಟ್ ಆಸುಪಾಸಿನದು, ಸೂಪರ್ ನಿಂಟೆಂಡೊ ಕೊಡೋದು 5. ಮಧ್ಯೆ ವೋಲ್ಟೇಜ್ ಹೊಂದಿಸೋ ಚಿಪ್ ಒಂದೂ ಇಲ್ಲ. ಇಷ್ಟು ದಿನ ನನ್ನ ಯಂತ್ರಕ್ಕೆ ಅದನ್ನ ಸಿಕ್ಕಿಸಿ ಆಡಿದೀನಿ.

ಮಾರಿದವನಿಗೆ ಫೋಟೋ ಸಮೇತ ಬರೆದೆ. ಈಗ ಅವನ ಉತ್ತರಗಳನ್ನ ಒಂದೊಂದಾಗಿ ಓದಿ, ನನ್ನ ಹಾಗೆ.

"ಸರ್ ಗೇಮ್ ಓಡ್ತಿದೆ ತಾನೇ? ನಿಮ್ಮ ತೊಂದರೆ ಏನು?"

ನಕಲಿ ಅನ್ನೋದೇ ತೊಂದರೆ ಅಂದೆ.

"ಕೆಲವು ಲಾಟ್ ಹಾಗೇ ಬಂದಿದ್ವು ಸರ್. ಕೊನೇ ಬ್ಯಾಚ್‌ದು."

1996ರಲ್ಲಿ ಟೇಪ್ ಅಂಟಿಸಿದ ಬ್ಯಾಟರಿ ಬ್ಯಾಚ್! ದುಡ್ಡು ವಾಪಸ್ ಕೊಡು ಅಂದೆ.

"ಸ್ಟಿಕರ್ ನೀವೇ ತೆಗ್ದಿದೀರ ಸರ್. ಒಳಗಿನ ಬೋರ್ಡ್ ನೀವೇ ಬದಲಾಯಿಸಿಲ್ಲ ಅಂತ ನಾನು ಹೇಗೆ ನಂಬ್ಲಿ?"

ಇದನ್ನ ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಗೋಡೆ ನೋಡ್ತಾ ಕೂತೆ. ಈಗ ಅರ್ಥ ಆಯ್ತಾ ಸ್ಟಿಕರ್ ಯಾಕೆ ಅಂತ? ಬಿಚ್ಚದೇ ಇದ್ರೆ ನಕಲಿ ಅಂತ ತೋರಿಸೋಕಾಗಲ್ಲ. ಬಿಚ್ಚಿದ್ರೆ ವಾಪಸ್ ಇಲ್ಲ, ಮೇಲಾಗಿ ಕಳ್ಳ ನಾನೇ. ಎರಡೂ ಕಡೆಯಿಂದ ಬಾಗಿಲು ಹಾಕಿ ಬೀಗ ಜಡಿದಿದಾನೆ. ಮಾರೋ ಜಾಗದವರಿಗೆ ದೂರು ಕೊಟ್ಟೆ. ನಾನೇ ಬರೆದ ಐದು ಸ್ಟಾರ್ ರಿವ್ಯೂ ತೋರಿಸಿ, ವಸ್ತು ಸರಿಯಾಗಿ ತಲುಪಿದೆ ಅಂತ ನೀವೇ ಒಪ್ಪಿದೀರಲ್ಲ ಅಂದ್ರು. ಮುಗೀತು.

ಆದ್ರೆ ಅವನು ಅಲ್ಲಿಗೂ ನಿಲ್ಲಿಸಲಿಲ್ಲ. ಮೂರು ದಿನ ಬಿಟ್ಟು ಮೆಸೇಜ್:

"ಸರ್ ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ಮೇಲೆ ಕೊಟ್ರೆ ಎಕ್ಸ್‌ಚೇಂಜ್ ಮಾಡ್ಕೊಡ್ತೀನಿ. ಇದು ಅಮೆರಿಕನ್ ಎಡಿಷನ್, ಇನ್ನೂ ಅಪರೂಪ."

ಜೊತೆಗೆ ಫೋಟೋ. ಅಮೆರಿಕದ ಆ ಚೌಕ ಚೌಕ ಬೂದು ಕಾರ್ಟ್ರಿಜ್, ಅದರ ಮೇಲೆ ಟೆರಾನಿಗ್ಮಾ ಲೇಬಲ್, ಮೂಲೆಯಲ್ಲಿ ಬಂಗಾರದ ಮುದ್ರೆ ಬೇರೆ. ಅಪರೂಪ ಹೌದಪ್ಪಾ, ಹುಟ್ಟೇ ಇಲ್ಲದ ವಸ್ತು! ಅಮೆರಿಕದಲ್ಲಿ ಆ ಗೇಮ್ ಬಿಡುಗಡೆನೇ ಆಗಿಲ್ಲ ಅಂದೆ.

"ಅದಕ್ಕೇ ಅಪರೂಪ ಸರ್."

ಏನ್ ಹೇಳ್ತೀರಿ ಇದಕ್ಕೆ? ನಾನೇನೂ ಹೇಳಲಿಲ್ಲ.

ಗೇಮ್ ಗಿಯರ್ ಬಗ್ಗೆ ಜಾಸ್ತಿ ಬರೆಯಲ್ಲ, ಶಕ್ತಿ ಇಲ್ಲ. ಸೇಗಾ 1990ರಲ್ಲಿ ತಂದ ಕೈಯಂತ್ರ, ಆರು ಪೆನ್ಸಿಲ್ ಸೆಲ್ ನುಂಗೋದು. ಅದರ ಕೆಪಾಸಿಟರ್ ಸೋರೋದು ಜಗಜ್ಜಾಹೀರು, ಅದಕ್ಕೇ "ಎಲ್ಲಾ ಹೊಸದು" ಅನ್ನೋ ಮಾತಿಗೆ ಮರುಳಾದೆ. ನಾಲ್ಕನೇ ದಿನ ಸದ್ದು ಅಡಗಿತು, ಆಮೇಲೆ ಪರದೆ ಮಂಕಾಯ್ತು. ಬಿಚ್ಚಿದ್ರೆ ಮೀನು ಕೊಳೆತ ವಾಸನೆ. ಹಳೇ ಕೆಪಾಸಿಟರ್‌ಗಳೇ, ಸೋರಿದ ರಸ ಬೋರ್ಡ್ ಮೇಲೆ ಹರಡಿ ತಾಮ್ರದ ಗೆರೆ ತಿಂದಿದೆ. ಅದಕ್ಕೆ ಅವನ ಉತ್ತರ: "ಹೊಸದು ಅಂದ್ರೆ ಆಗ ಹೊಸದು ಸರ್."

ಒಂದು ಮಾತು ಸ್ಪಷ್ಟವಾಗಿ ಹೇಳ್ಬಿಡ್ತೀನಿ. ನಕಲು ಅಂತ ಬಾಯ್ಬಿಟ್ಟು ಹೇಳಿ, ನಕಲಿನ ಬೆಲೆಗೆ ಮಾರೋರ ಮೇಲೆ ನನಗೆ ಸಿಟ್ಟಿಲ್ಲ. ಅಂಗಡಿಗಳಿಂದ ಮಾಯ ಆದ ಗೇಮನ್ನ ಆಡೋಕೆ ಜನ ಏನಾದ್ರೂ ಮಾಡ್ಲೇಬೇಕು. ಮುದ್ದೆ ಸುರಿದ ಬೋರ್ಡನ್ನ "ಒಬ್ಬನೇ ಮಾಲೀಕ" ಅಂತ ಮಾರೋನಿದಾನಲ್ಲ, ಅವನ ಮೇಲೆ ಸಿಟ್ಟು.

ದುಡ್ಡು ಕೊಡೋ ಮುಂಚೆ ಬಿಚ್ಚಿದ ಬೋರ್ಡಿನ ಫೋಟೋ ಕೇಳಿ, ಪಕ್ಕದಲ್ಲಿ ಅವತ್ತಿನ ತಾರೀಕು ಬರೆದ ಚೀಟಿ ಇಟ್ಟು ತೆಗೀಲಿ. ಬೆಲೆ ಬೀಳುತ್ತೆ ಅಂದ್ರೆ ಎದ್ದು ಬನ್ನಿ. ಹಳೇ ಕಾರ್ಟ್ರಿಜ್ ಮಾರೋನ ಹತ್ರ 3.8ರ ಬಿಟ್ ಇಲ್ಲ ಅಂದ್ರೆ ದರ್ಜಿ ಹತ್ರ ಕತ್ತರಿ ಇಲ್ಲ ಅಂದ ಹಾಗೆ. ಸ್ಕ್ರೂ ಮೇಲೆ ಸ್ಟಿಕರ್ ಇದ್ರೆ ಪಾರ್ಸೆಲ್ ಒಡೆಯೋದರಿಂದ ಹಿಡಿದು ಬೋರ್ಡ್ ಹೊರಬರೋ ತನಕ ನಿಲ್ಲಿಸದೆ ಒಂದೇ ವಿಡಿಯೋ ಮಾಡಿ. ಬೇರೆ ಜಾತಿ ಲಾಕ್‌ಔಟ್ ಚಿಪ್ಪಿರೋ, ಯಾರೂ ಕೈ ಹಾಕದ ಯಂತ್ರ ಇರೋ ಗೆಳೆಯರಿದ್ರೆ ಅದಕ್ಕೆ ಹಾಕಿ ನೋಡಿ, ಓಡಿದ್ರೆ ಅಳಿ. ಸ್ಟಾರ್ ಮಾತ್ರ ಒತ್ತಬೇಡಿ. ಒಂದು ತಿಂಗಳು ಒತ್ತಬೇಡಿ. ದಮ್ಮಯ್ಯ.

ಇದನ್ನ ಬರೆಯೋಕೆ ಕೂತಿದ್ದು ನಿನ್ನೆ ರಾತ್ರಿ ಬಂದ ಒಂದು ಮೆಸೇಜಿನಿಂದ. ಗುರುತಿಲ್ಲದ ಮನುಷ್ಯ, ಬಹಳ ವಿನಯದಿಂದ ಬರೆದಿದ್ರು. "ನಮಸ್ಕಾರ ಸರ್. ನಿಮ್ಮ ರಿವ್ಯೂ ನೋಡಿ ಧೈರ್ಯ ಬಂದು ನಾನೂ ಅವರ ಹತ್ರ ಟೆರಾನಿಗ್ಮಾ ತಗೊಂಡೆ. ಆಟ ಚೆನ್ನಾಗಿದೆ. ಆದ್ರೆ ಸೇವ್ ಹೋಗ್ಬಿಡ್ತು. ಬ್ಯಾಟರಿ ಅಂತೆ. ಸ್ಕ್ರೂ ಮೇಲೆ ಒಂದು ಸ್ಟಿಕರ್ ಇದೆ, ತೆಗೀಬಹುದಾ?"

ಇನ್ನೂ ಉತ್ತರ ಕೊಟ್ಟಿಲ್ಲ.