ನಾಲ್ಕು ವರ್ಷ ಬಳಸಿದ ಮೆಕ್ಯಾನಿಕ್ ಸ್ಟೆತಸ್ಕೋಪ್: ಹಳೆಯ ಕಾರಿನ ಜೀರುಂಡೆ ಸದ್ದು ಸಿಕ್ಕಿಬಿದ್ದ ಬಗೆ

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಕಾರಿನ ಕಿಟಕಿ ತೆರೆದೇ ಇತ್ತು. ಕಿವಿ ತುಂಬ ಜೀರುಂಡೆಯ ಸದ್ದು. ಸೋಮೇಶ್ವರ ದಾಟಿ ಹೆಬ್ರಿಯಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಕಾಡು ಹಿಂದೆ ಉಳಿದಿತ್ತು, ಸದ್ದು ಮಾತ್ರ ಜೊತೆಗೇ ಬಂದಿತ್ತು. ಎಂಜಿನ್ ಆರಿಸಿದೆ, ನಿಂತಿತು. ಮತ್ತೆ ಚಾಲೂ ಮಾಡಿದೆ, ಸಣ್ಣಗೆ, ಒಂದೇ ಸಮನೆ ‘ಕುಂಯ್’ ಎನ್ನತೊಡಗಿತು. ಅದು 2021ರ ಅಕ್ಟೋಬರ್. ಕಾರು 2008ರದ್ದು, ಪೆಟ್ರೋಲ್, ಅಷ್ಟರಲ್ಲಿ ಒಂದು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಿತ್ತು.

ಊರಿಗೆ ಮರಳಿ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಎತ್ತಿ ಒಂದು ನಿಮಿಷ ಕೇಳಿದವರು ‘ಗೇರ್‌ಬಾಕ್ಸ್ ಬಿಚ್ಚಬೇಕು, ಇಪ್ಪತ್ತೆಂಟು ಸಾವಿರ ಆಗುತ್ತದೆ’ ಎಂದರು. ಕ್ಲಚ್ ಒತ್ತಿ ನೋಡಲೂ ಇಲ್ಲ. ಅಷ್ಟು ಹಣ ಸುರಿಯುವ ಮೊದಲು ನಾನೇ ಹುಡುಕಬೇಕು ಎಂದು ಹಟ ಬಂತು. ಮೆಕ್ಯಾನಿಕ್ ಸ್ಟೆತಸ್ಕೋಪ್ ಕೊಂಡದ್ದು ಆಗಲೇ. ಹೆಸರಿಲ್ಲದ ಸಾಧಾರಣ ಮಾಲು, ನಾನೂರು ರೂಪಾಯಿಯ ಒಳಗೆ ಬಂತು. ವೈದ್ಯರು ಬಳಸುವಂಥದ್ದೇ ರಬ್ಬರ್ ಕೊಳವೆ ಮತ್ತು ಕಿವಿಯ ತುದಿಗಳು. ಎದೆಗೆ ಇಡುವ ಬಿಲ್ಲೆಯ ಜಾಗದಲ್ಲಿ ಒಂದು ಪುಟ್ಟ ಲೋಹದ ಡಬ್ಬಿ, ಅದಕ್ಕೆ ತಿರುಪಿ ಕೂರಿಸುವ ಗೇಣುದ್ದದ ಉಕ್ಕಿನ ಸರಳು.

ಮೊದಲೇ ಹೇಳಿಬಿಡುತ್ತೇನೆ: ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಮಾತ್ರ ಈ ಉಪಕರಣ ತೋರಿಸುತ್ತದೆ. ಯಾವಾಗ ಬರುತ್ತದೆ, ಯಾವುದರ ಜೊತೆ ಏರಿ ಇಳಿಯುತ್ತದೆ ಎಂಬುದನ್ನು ನಾವೇ ಬರಿಗಿವಿಯಲ್ಲಿ ಕಂಡುಕೊಂಡಿರಬೇಕು. ಆ ಕೆಲಸ ಆಗದೆ ಸರಳು ಚುಚ್ಚುತ್ತಾ ಹೋದರೆ ಎಂಜಿನ್ನಿನ ಪ್ರತಿಯೊಂದು ಭಾಗವೂ ಕೆಟ್ಟಿರುವಂತೆ ಕೇಳುತ್ತದೆ.

ನಾನು ಮಾಡಿದ್ದು ಹೀಗೆ. ಕಾರು ನಿಂತಿದ್ದಾಗ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸದ್ದಿನ ಸ್ವರ ಏರಿತು. ಹಾಗಾದರೆ ಚಕ್ರದ ಬೇರಿಂಗ್ (ತಿರುಗುವ ಭಾಗವನ್ನು ಹೊರುವ, ಒಳಗೆ ಗುಂಡುಗಳಿರುವ ಬಳೆ) ಅಲ್ಲ, ಟೈರ್ ಅಲ್ಲ. ಕ್ಲಚ್ ಪೂರ್ತಿ ಒತ್ತಿದೆ. ಗೇರ್‌ಬಾಕ್ಸಿನ ಮುಂದಿನ ಶಾಫ್ಟ್ ಬೇರಿಂಗ್ ಸವೆದಿದ್ದರೆ, ಎಂಜಿನ್ನಿನಿಂದ ಬಿಡಿಸಿಕೊಂಡ ಆ ಶಾಫ್ಟ್ ನಿಂತು ಸದ್ದು ಅಡಗಬೇಕಿತ್ತು. ಅಡಗಲಿಲ್ಲ. ಇಪ್ಪತ್ತೆಂಟು ಸಾವಿರದ ಮಾತು ಅಲ್ಲಿಗೆ ಮುಗಿಯಿತು. ಸ್ಟೀರಿಂಗ್ ಕೊನೆಯವರೆಗೆ ತಿರುಗಿಸಿದೆ. ಪವರ್ ಸ್ಟೀರಿಂಗ್ ಪಂಪಿನದಾದರೆ ನರಳಾಟ ಜೋರಾಗುತ್ತದೆ, ಇಲ್ಲಿ ಬದಲಾವಣೆ ಇಲ್ಲ. ಹೆಡ್‌ಲೈಟ್, ಬ್ಲೋವರ್ ಎಲ್ಲವನ್ನೂ ಹಾಕಿದರೂ ಅದೇ ಸ್ವರ. ವಿದ್ಯುತ್ ಹೊರೆಗೆ ಹುಟ್ಟುವ ಗುಂಯ್‌ಗುಡುವಿಕೆಯೂ ಅಲ್ಲ ಎಂದಾಯಿತು. ಉಳಿದದ್ದು ಬೆಲ್ಟ್ ತಿರುಗಿಸುವ ಭಾಗಗಳ ಬೇರಿಂಗುಗಳು.

ಸರಳನ್ನು ಮೊದಲು ಇಟ್ಟದ್ದು ಪವರ್ ಸ್ಟೀರಿಂಗ್ ಪಂಪಿನ ಮೈ ಮೇಲೆ. ದೂರದಲ್ಲಿ ನಲ್ಲಿ ಹರಿಯುವಂಥ ಸದ್ದು, ಮೃದು. ಆಮೇಲೆ ಆಲ್ಟರ್ನೇಟರ್ (ಕಾರಿಗೆ ಬೇಕಾದ ವಿದ್ಯುತ್ ಹುಟ್ಟಿಸುವ ಭಾಗ) ಮತ್ತು ಎಸಿ ಕಂಪ್ರೆಸರ್ ಎರಡಕ್ಕೂ ಆಧಾರವಾಗಿರುವ ಬ್ರಾಕೆಟ್ಟಿಗೆ ತಾಗಿಸಿದೆ. ಜೋರು ಸದ್ದು! ಕಂಪ್ರೆಸರ್ರೇ ಎಂದು ಎರಡು ದಿನ ತಪ್ಪು ದಾರಿಯಲ್ಲಿ ನಡೆದೆ. ಲೋಹ ಸದ್ದನ್ನು ಹಂಚುತ್ತದೆ. ಒಂದೇ ಬ್ರಾಕೆಟ್ಟಿನ ಎರಡು ಭಾಗಗಳು ಒಂದರ ದೂರನ್ನು ಇನ್ನೊಂದು ಹೇಳುತ್ತವೆ. ಈ ಉಪಕರಣ ಕೊಳ್ಳುವವರು ಇದೊಂದನ್ನು ಮರೆಯಬಾರದು. ಬೇರಿಂಗ್ ಕೂತಿರುವ ಜಾಗಕ್ಕೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಇಡಬೇಕು, ಒಂದು ಭಾಗವನ್ನು ಕೇಳಿದ ಕೂಡಲೇ ಪಕ್ಕದ್ದನ್ನೂ ಕೇಳಿ ಹೋಲಿಸಬೇಕು.

ಮೂರನೆಯ ದಿನ ಆಲ್ಟರ್ನೇಟರಿನ ಮುಂಭಾಗದ ಹೊದಿಕೆಯ ಮೇಲೆ, ಬೆಲ್ಟ್ ಕೂರುವ ಗಾಲಿಯ, ಅಂದರೆ ಪುಲ್ಲಿಯ, ಹಿಂದಿನ ಅಂಚಿನಲ್ಲಿ ಸರಳಿನ ತುದಿಯನ್ನು ಊರಿದೆ. ಕಿವಿಯೊಳಗೆ ಬೀಸುವ ಕಲ್ಲು ತಿರುಗಿತು. ಕಾಳು ಹಾಕದೆ ಬರಿ ಕಲ್ಲನ್ನೇ ಬೀಸಿದರೆ ಬರುವ ಒರಟು ಸದ್ದು, ಅದರ ಮೇಲೆ ಆ ಕುಂಯ್. ಅದೇ ಆಲ್ಟರ್ನೇಟರಿನ ಹಿಂಭಾಗದಲ್ಲಿ ಇದರ ಅರ್ಧವೂ ಇಲ್ಲ. ಆಲ್ಟರ್ನೇಟರಿನ ಪುಲ್ಲಿ ಚಿಕ್ಕದು, ಎಂಜಿನ್ ಒಂದು ಸುತ್ತು ಹಾಕುವಷ್ಟರಲ್ಲಿ ಅದು ಎರಡು ಮೂರು ಸುತ್ತು ಹಾಕುತ್ತದೆ. ಸ್ವರ ಅಷ್ಟು ತೀಕ್ಷ್ಣವಾಗಿದ್ದದ್ದಕ್ಕೆ ಕಾರಣ ಆಗ ಹೊಳೆಯಿತು.

ಖಾತರಿಗೆ, ಎಂಜಿನ್ ತಣ್ಣಗಿರುವಾಗ ಬೆಲ್ಟ್ ಕಳಚಿ ಇಪ್ಪತ್ತು ಸೆಕೆಂಡು ಚಾಲೂ ಮಾಡಿದೆ. ನಿಶ್ಶಬ್ದ. ನನ್ನ ಕಾರಿನಲ್ಲಿ ಎಂಜಿನ್ ತಂಪಾಗಿಡುವ ನೀರಿನ ಪಂಪು ಒಳಗಿನ ಟೈಮಿಂಗ್ ಬೆಲ್ಟಿನಿಂದ ತಿರುಗುತ್ತದೆ. ಹೊರಗಿನ ಬೆಲ್ಟೇ ಅದನ್ನು ತಿರುಗಿಸುವ ಕಾರುಗಳಲ್ಲಿ ನೀರಿನ ಓಡಾಟ ನಿಲ್ಲುವುದರಿಂದ ಇನ್ನೂ ಎಚ್ಚರ ಬೇಕು. ಆಫ್ ಮಾಡಿ ಪುಲ್ಲಿಯನ್ನು ಕೈಯಿಂದ ತಿರುಗಿಸಿದೆ. ಬೆರಳಿಗೆ ಮರಳು ತಾಗಿದಂತಾಯಿತು.

ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರ ಬಳಿ ಆಲ್ಟರ್ನೇಟರ್ ಒಯ್ದೆ. ಪುಲ್ಲರ್ ಹಾಕಿ ಬೇರಿಂಗ್ ಎಳೆದು, ಅದರ ರಬ್ಬರ್ ಮುಚ್ಚಳವನ್ನು ಸೂಜಿಯಿಂದ ಎಬ್ಬಿಸಿ ನನ್ನ ಅಂಗೈ ಮೇಲಿಟ್ಟರು. ‘ನೋಡಿ ಸರ್, ಗ್ರೀಸ್ ಅನ್ನುವುದೇ ಇಲ್ಲ. ಎಲ್ಲ ಒಣಗಿ ಹೋಗಿದೆ.’ ಒಳಗೆ ಕಾಫಿಪುಡಿಯಂಥ ಕಂದು ಹುಡಿ, ಗುಂಡುಗಳ ಮೇಲೆ ಸೂಜಿಮೊನೆಯಷ್ಟು ಗುಳಿಗಳು. 6303 ಸಂಖ್ಯೆಯ ಬೇರಿಂಗ್, ಒಳಗಿನ ವ್ಯಾಸ 17 ಮಿಲಿಮೀಟರ್, ಹೊರಗಿನದು 47. ಹಿಂದಿನ ಬೇರಿಂಗನ್ನೂ ಜೊತೆಗೆ ಬದಲಿಸಿದರು, ಮಜೂರಿ ಸೇರಿ ಸಾವಿರದ ನೂರು ರೂಪಾಯಿ. ಆ ಸದ್ದು ಮತ್ತೆ ಬಂದಿಲ್ಲ.

ಇನ್ನು ಉಪಕರಣದ ಬಾಳಿಕೆ. ಕಿವಿಯ ರಬ್ಬರ್ ತುದಿಗಳು ಎರಡನೆಯ ವರ್ಷ ಗಟ್ಟಿಯಾಗಿ ನೋಯಿಸತೊಡಗಿದವು. ಔಷಧಿ ಅಂಗಡಿಯಲ್ಲಿ ಸಿಗುವ ವೈದ್ಯರ ಸ್ಟೆತಸ್ಕೋಪಿನ ತುದಿಗಳೇ ಹೊಂದಿದವು. ಸರಳಿನ ತಿರುಪು ಸಡಿಲವಾಗಿ ತಾನೇ ಕಿರಗುಟ್ಟುತ್ತಿತ್ತು, ಪ್ಲಂಬರುಗಳ ಬಿಳಿ ಟೇಪು ಸುತ್ತಿದ ಮೇಲೆ ಸರಿಯಾಯಿತು. ಎಂಜಿನ್ನಿನ ಹಿಂಬದಿಗೆ ಈ ಸರಳು ಎಟುಕುವುದಿಲ್ಲ. ಲೇತ್ ಅಂಗಡಿಯಲ್ಲಿ ಮೊಳದುದ್ದದ ಇನ್ನೊಂದನ್ನು ಮಾಡಿಸಿಕೊಂಡಿದ್ದೇನೆ. ಕಿವಿಗೆ ಹಾಕಿಕೊಂಡಿರುವಾಗ ಸರಳು ಎಲ್ಲಿಗಾದರೂ ಬಡಿದರೆ ತಲೆಯೊಳಗೆ ಸಿಡಿಲು ಹೊಡೆದಂತಾಗುತ್ತದೆ, ಮೆಲ್ಲಗೆ ಊರಬೇಕು. ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಕೇಳುವ ಹಳೆಯ ರೂಢಿಯೂ ಕೆಲಸ ಮಾಡುತ್ತದೆ ನಿಜ, ಆದರೆ ಮುಖವನ್ನು ತಿರುಗುವ ಬೆಲ್ಟಿನ ಪಕ್ಕಕ್ಕೆ ಒಯ್ಯುವುದನ್ನು ನಾನು ಯಾರಿಗೂ ಹೇಳಲಾರೆ. ಇದರ ಕೊಳವೆಯೂ ಜೋತುಬೀಳುವಂಥದ್ದೇ. ಅಂಗಿಯ ತೋಳು ಮಡಚಿ, ಶಾಲು ದುಪಟ್ಟಾ ತೆಗೆದಿಟ್ಟು, ರೇಡಿಯೇಟರ್ ಫ್ಯಾನ್ ಯಾವ ಕ್ಷಣಕ್ಕೂ ತಿರುಗೀತು ಎಂದುಕೊಂಡೇ ಬಗ್ಗಬೇಕು.

ಕಾರಿಗಿಂತ ಹೆಚ್ಚು ಇದು ಈಗ ಮನೆಯಲ್ಲಿ ಬಳಕೆಯಾಗುತ್ತಿದೆ. ಪ್ರತಿ ವರ್ಷ ಅಡಿಕೆ ಕೊಯ್ಲಿಗೆ ಮೊದಲು ತೀರ್ಥಹಳ್ಳಿಯ ಮನೆಯ ಅಡಿಕೆ ಸುಲಿಯುವ ಯಂತ್ರದ ಬೇರಿಂಗುಗಳನ್ನು ಸಾಲಾಗಿ ಕೇಳುತ್ತೇನೆ. ಹೋದ ವರ್ಷ ಒಂದರಲ್ಲಿ ಅದೇ ಬರಿ ಬೀಸುಕಲ್ಲಿನ ಸದ್ದು ಸಿಕ್ಕಿತು, ಸುಲಿಯುವ ಆಳುಗಳು ಬರುವ ಮುಂಚೆಯೇ ಬದಲಾಯಿಸಿದೆವು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಕಳೆದುಕೊಂಡ ಒಂದು ಅಂಕ ಓಡುವಾಗ ಮಾತ್ರ ಬರುವ ಸದ್ದುಗಳದ್ದು. ಈಗ ಕಾರು ಐವತ್ತು ಕಿಲೋಮೀಟರ್ ವೇಗ ದಾಟಿದರೆ ಮುಂದಿನ ಬಲಗಡೆಯಿಂದ ಗುಂಯ್ ಎನ್ನುತ್ತಿದೆ, ಎಡಕ್ಕೆ ತಿರುಗುವಾಗ ಇನ್ನೂ ಜೋರು. ಬಲ ಚಕ್ರದ ಬೇರಿಂಗ್ ಇರಬೇಕು. ಬರುವ ಭಾನುವಾರ ಜಾಕ್ ಎತ್ತಿ ನಿಲ್ಲಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ, ಸ್ಪ್ರಿಂಗಿನ ಸುರುಳಿಯ ಮೇಲೆ ಬೆರಳಿಟ್ಟು ನೋಡುತ್ತೇನೆ.